ಉಗಿ ಎಂಜಿನ್ ಮಾದರಿಗಳು: ಕಟ್ಟುವವರು, ಕೂಡಿಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಗಿ ಎಂಜಿನ್ನಿನ ಸಣ್ಣ ಮಾದರಿ ಕಟ್ಟಬೇಕು ಅಥವಾ ಕೂಡಿಡಬೇಕು ಅಂತ ಆಸೆ ಇರುವವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ಒಂದೆರಡು ಸಾಲು ಸಾಕು. ಬೇಕಾದ್ದನ್ನು ಓದಿ, ಬೇಡದ್ದನ್ನು ಬಿಡಿ. ಆದರೆ ಬಾಯ್ಲರ್ ವಿಚಾರ ಬಂದಲ್ಲಿ ಮಾತ್ರ ಒಂದು ಸಾಲನ್ನೂ ಬಿಡಬೇಡಿ.

ಎಲ್ಲಿಂದ ಶುರು ಮಾಡಲಿ?

ಒಂದು ನಿಜವಾದ ಎಂಜಿನ್ನಿನ ಮುಂದೆ ನಿಂತು ಶುರು ಮಾಡಿ. ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಿಂದ ಇದೆ. ಮೀಟರ್ ಗೇಜಿನ ಹಳೆಯ ಎಂಜಿನ್ನುಗಳನ್ನು ಕೈಗೆಟುಕುವಷ್ಟು ಹತ್ತಿರದಿಂದ ಅಲ್ಲಿ ನೋಡಬಹುದು. ಹುಬ್ಬಳ್ಳಿಯ ಮ್ಯೂಸಿಯಂ 2020ರಲ್ಲಿ ತೆರೆಯಿತು. ಬೆಂಗಳೂರಿನವರಿಗೆ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲೂ ಒಂದು ಸಣ್ಣ ಉಗಿ ಎಂಜಿನ್ ಇದೆ.

ಹೋದಾಗ ಎಲ್ಲ ಎಂಜಿನ್ನುಗಳ ಫೋಟೋ ತೆಗೆದುಕೊಂಡು ಓಡಿ ಬರಬೇಡಿ. ಒಂದೇ ಎಂಜಿನ್ ಹಿಡಿಯಿರಿ. ಅದರ ಒಂದೇ ಪಕ್ಕದಲ್ಲಿ ಒಂದು ಗಂಟೆ ನಿಲ್ಲಿ. ಸಿಲಿಂಡರಿನಿಂದ ಹೊರಟ ಪಿಸ್ಟನ್ ರಾಡ್ ಎಲ್ಲಿಗೆ ಸೇರುತ್ತದೆ? ಅಲ್ಲಿಂದ ಚಕ್ರಕ್ಕೆ ಯಾವ ರಾಡ್ ಹೋಗುತ್ತದೆ? ಚಕ್ರದಿಂದ ಚಕ್ರಕ್ಕೆ ಹೋಗುವ ರಾಡ್ ಬೇರೆ, ಅದನ್ನು ಗುರುತಿಸಿ. ಒಂದೊಂದು ಪೈಪ್ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ ಅಂತ ಬೆರಳಲ್ಲಿ ಹಿಂಬಾಲಿಸಿ. ಅಲ್ಲಿನ ಸಿಬ್ಬಂದಿಯನ್ನು ಕೇಳಿ, ಟೇಪ್ ಹಿಡಿದು ನಾಲ್ಕಾರು ಅಳತೆ ಬರೆದುಕೊಳ್ಳಿ. ಆಮೇಲೆ ಯಾವ ನಕ್ಷೆ ಕೈಗೆ ಬಂದರೂ ಅದು ನಿಮಗೆ ಅರ್ಥವಾಗುತ್ತದೆ. ನನ್ನ ಪ್ರಕಾರ ಈ ಹವ್ಯಾಸದ ಮೊದಲ ಖರ್ಚು ಮೈಸೂರಿಗೆ ಒಂದು ಟಿಕೆಟ್.

ಸ್ಕೇಲ್, ಗೇಜ್ ಎರಡೂ ಒಂದೇನಾ?

ಅಲ್ಲ. ಮಾದರಿ ಎಷ್ಟು ಪಟ್ಟು ಚಿಕ್ಕದು ಅನ್ನುವುದು ಸ್ಕೇಲ್. ಎರಡು ಹಳಿಗಳ ಒಳಅಂಚಿನ ನಡುವಿನ ಅಂತರ ಗೇಜ್. ಒಂದೇ ಹಳಿಯ ಮೇಲೆ ಬೇರೆ ಬೇರೆ ಸ್ಕೇಲಿನ ಎಂಜಿನ್ ಓಡಬಹುದು, ಗೊಂದಲ ಆಗುವುದೇ ಅಲ್ಲಿ.

ಎಚ್‌ಓ ಅಂದರೆ 1:87, ಓಓ ಅಂದರೆ 1:76. ಎರಡೂ ಓಡುವುದು 16.5 ಮಿ.ಮೀ. ಹಳಿಯ ಮೇಲೆ. ಬ್ರಿಟನ್ನಿನ ಎಂಜಿನ್ನುಗಳ ಮೈ ಯುರೋಪಿನವಕ್ಕಿಂತ ಸಣ್ಣದು. ಅವನ್ನು 1:87ಕ್ಕೆ ಇಳಿಸಿದರೆ ಆ ಕಾಲದ ಮೋಟಾರ್ ಒಳಗೆ ಕೂರುತ್ತಿರಲಿಲ್ಲ. ಹಾಗಾಗಿ ಮೈಯನ್ನು ದೊಡ್ಡದು ಮಾಡಿ ಹಳಿಯನ್ನು ಹಾಗೇ ಉಳಿಸಿಕೊಂಡರು. ಅದಕ್ಕೇ ಓಓ ಎಂಜಿನ್ನನ್ನು ಮುಂದಿನಿಂದ ನೋಡಿದರೆ ಚಕ್ರಗಳು ಸ್ವಲ್ಪ ಒಳಗೆ ಸರಿದ ಹಾಗೆ ಕಾಣುತ್ತವೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಎನ್ ಗೇಜ್ 9 ಮಿ.ಮೀ.; ಸ್ಕೇಲ್ 1:160, ಬ್ರಿಟನ್ನಿನಲ್ಲಿ 1:148. ಓ ಗೇಜ್ 32 ಮಿ.ಮೀ.; ಬ್ರಿಟನ್ನಿನಲ್ಲಿ 1:43.5, ಜರ್ಮನಿಯಲ್ಲಿ 1:45, ಅಮೆರಿಕದಲ್ಲಿ 1:48. ಗೇಜ್ ಒಂದು ಅಂದರೆ 45 ಮಿ.ಮೀ. ಇನ್ನು ಮೂರೂವರೆ ಇಂಚು, 5 ಇಂಚು, ಏಳೂಕಾಲು ಇಂಚು ಗೇಜಿನವು ಹಿಂದಿನ ಗಾಡಿಯಲ್ಲಿ ಮನುಷ್ಯರನ್ನು ಕೂರಿಸಿಕೊಂಡು ಎಳೆಯುವಂಥವು.

ನಮ್ಮ ಕಡೆಯ ಎಂಜಿನ್ನುಗಳಿಗೆ ಯಾವ ಗೇಜ್ ಹೊಂದುತ್ತದೆ?

ಈ ಪ್ರಶ್ನೆ ಅಂದರೆ ನನಗೆ ತುಂಬಾ ಇಷ್ಟ. ಲೆಕ್ಕ ಸುಲಭ. ನಿಜವಾದ ಗೇಜನ್ನು ಸ್ಕೇಲಿನಿಂದ ಭಾಗಿಸಿ, ಬಂದ ಉತ್ತರಕ್ಕೆ ಹತ್ತಿರದ ಹಳಿ ಅಂಗಡಿಯಲ್ಲಿ ಸಿಗುತ್ತದಾ ನೋಡಿ.

ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಆ ಅಳತೆಯ ರೆಡಿಮೇಡ್ ಹಳಿ ಸಿಗುವುದಿಲ್ಲ. ನಮ್ಮ ಬ್ರಾಡ್ ಗೇಜಿನ ಡಬ್ಲ್ಯುಪಿ, ಡಬ್ಲ್ಯುಜಿ ವರ್ಗದ ಉಗಿ ಎಂಜಿನ್ನುಗಳ ಮಾದರಿಗಳನ್ನು ಹೆಚ್ಚಿನವರು 16.5ರ ಮೇಲೆಯೇ ಓಡಿಸುತ್ತಾರೆ. ಓಡುತ್ತದೆ, ಆದರೆ ಬ್ರಾಡ್ ಗೇಜಿನ ಆ ಅಗಲದ ನಿಲುವು ಬರುವುದಿಲ್ಲ.

ಮೀಟರ್ ಗೇಜಿಗೆ ಬನ್ನಿ. 1000 ಮಿ.ಮೀ. ಅನ್ನು 22.5ರಿಂದ ಭಾಗಿಸಿದರೆ 44.4. ಅಂದರೆ 45 ಮಿ.ಮೀ. ಹಳಿ ಹೆಚ್ಚು ಕಡಿಮೆ ಸರಿಯಾಗಿ ಕೂರುತ್ತದೆ. ಜರ್ಮನಿಯ ಎಲ್‌ಜಿಬಿ ಅನ್ನುವ ಮಾದರಿ ರೈಲಿನ ಬ್ರಾಂಡ್ 1968ರಲ್ಲಿ ಇದೇ ಲೆಕ್ಕ ಹಿಡಿದು ಯುರೋಪಿನ ಮೀಟರ್ ಗೇಜ್ ರೈಲುಗಳ ಮಾದರಿ ತಂದಿತು. ಆ ಹಳಿ ಈಗ ಜಗತ್ತಿನ ಎಲ್ಲ ಕಡೆ ಸಿಗುತ್ತದೆ, ನಮ್ಮ ಮೀಟರ್ ಗೇಜಿನ ವೈಪಿ ವರ್ಗದ ಎಂಜಿನ್ನಿಗೂ ಅದೇ ಆಗುತ್ತದೆ. ವೈಪಿಯ ದೊಡ್ಡ ಚಕ್ರ 1372 ಮಿ.ಮೀ. ವ್ಯಾಸ, ಈ ಸ್ಕೇಲಿನಲ್ಲಿ 61 ಮಿ.ಮೀ. ಸಾಧಾರಣ ಲೇತಿನಲ್ಲಿ ಆರಾಮಾಗಿ ಕಡೆಯಬಹುದಾದ ಗಾತ್ರ. ಜಾಗ ಕಡಿಮೆ ಇದ್ದರೆ 1:32ಕ್ಕೆ 32 ಮಿ.ಮೀ. ಹಳಿ ಹೊಂದುತ್ತದೆ, 1:87ಕ್ಕೆ 12 ಮಿ.ಮೀ.

ಇನ್ನು ನ್ಯಾರೋ ಗೇಜ್. ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಕೋಲಾರ ದಾಟಿ ಬಂಗಾರಪೇಟೆಗೆ ಹೋಗುತ್ತಿದ್ದ ಸಣ್ಣ ರೈಲಿನ ಗೇಜ್ 762 ಮಿ.ಮೀ. ಅದನ್ನು 24ರಿಂದ ಭಾಗಿಸಿ: 31.75. ಮತ್ತೆ ಅದೇ 32 ಮಿ.ಮೀ. ಹಳಿ! ಡಾರ್ಜಿಲಿಂಗಿನ 610 ಮಿ.ಮೀ. ಗೇಜಿಗೆ 1:19 ಹಿಡಿದರೆ 32.1. ಬ್ರಿಟನ್ನಿನಲ್ಲಿ ಹಿತ್ತಲಲ್ಲಿ ನ್ಯಾರೋ ಗೇಜ್ ಉಗಿ ಎಂಜಿನ್ ಓಡಿಸುವ ದೊಡ್ಡ ಬಳಗ ಇರುವುದೇ ಈ 1:19ರ ಮೇಲೆ. 1889ರಲ್ಲಿ ಶಾರ್ಪ್ ಸ್ಟೂವರ್ಟ್ ಕಂಪನಿ ಮೊದಲು ಕಟ್ಟಿಕೊಟ್ಟ ಡಾರ್ಜಿಲಿಂಗ್ ಬಿ ಕ್ಲಾಸ್ ಎಂಜಿನ್ ಆ ಬಳಗದಲ್ಲಿ ಬಹಳ ಮಂದಿಗೆ ಅಚ್ಚುಮೆಚ್ಚು.

ಹಾಗಾಗಿ ಕರ್ನಾಟಕದ ಹಳೆಯ ರೈಲು ಇಷ್ಟ ಅನ್ನುವವರಿಗೆ ನಾನು ಹೇಳುವುದು ಒಂದೇ: ಬ್ರಾಡ್ ಗೇಜ್ ಬಿಡಿ. ಮೀಟರ್ ಗೇಜ್, ನ್ಯಾರೋ ಗೇಜ್ ಎರಡಕ್ಕೂ ಸಿದ್ಧ ಹಳಿ ಇದೆ, ಸಿದ್ಧ ಚಕ್ರ ಇದೆ, ಅಳತೆಯೂ ಸರಿಯಾಗಿ ಬರುತ್ತದೆ. ಕೋಲಾರದ ಆ ಪುಟ್ಟ ರೈಲನ್ನು 1:24ರಲ್ಲಿ ಮಾಡಿದವರನ್ನು ನಾನಿನ್ನೂ ನೋಡಿಲ್ಲ. ಯಾರಾದರೂ ಮಾಡಲೇಬೇಕು.

ಕರೆಂಟಿನದ್ದು ಒಳ್ಳೆಯದಾ, ನಿಜವಾದ ಉಗಿಯದ್ದು ಒಳ್ಳೆಯದಾ?

ನಿಮ್ಮ ಮನಸ್ಸು ಎಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ. ಸ್ಟೇಷನ್, ಸಿಗ್ನಲ್, ನೀರಿನ ಟ್ಯಾಂಕ್, ಪ್ಲಾಟ್‌ಫಾರ್ಮಿನ ಬೇವಿನ ಮರ ಎಲ್ಲ ಸೇರಿ ಒಂದು ನೋಟ ಬೇಕು ಅಂದರೆ ಕರೆಂಟಿನ ಸಣ್ಣ ಸ್ಕೇಲ್ ಹಿಡಿಯಿರಿ. 12 ವೋಲ್ಟ್ ಡಿಸಿ, ಒಂದು ಕೋಣೆ, ಒಂದು ಮೇಜು ಸಾಕು. ಡಿಜಿಟಲ್ ಕಂಟ್ರೋಲ್ ಹಾಕಿದರೆ ಒಂದೇ ಹಳಿಯ ಮೇಲೆ ಎರಡು ಮೂರು ಎಂಜಿನ್ನುಗಳನ್ನು ಬೇರೆ ಬೇರೆಯಾಗಿ ಓಡಿಸಬಹುದು, ಸದ್ದೂ ಬರುತ್ತದೆ.

ಎಂಜಿನ್ನೇ ಮುಖ್ಯ, ನೀರು ಕಾಯಿಸಿ ಅದರ ಬಲದಿಂದಲೇ ಅದು ಹೊರಡಬೇಕು ಅನ್ನುವವರಿಗೆ ಉಗಿಯದ್ದೇ ಆಗಬೇಕು. ಅದಕ್ಕೆ ಗಾಳಿಯಾಡುವ ಹೊರಗಿನ ಜಾಗ ಬೇಕು. ಕೈಗೆ ಎಣ್ಣೆ ಮೆತ್ತುತ್ತದೆ. ಒಂದು ಸುತ್ತು ಓಡಿಸಿ ಒರೆಸಿಡಲು ಒಂದು ಗಂಟೆ ಬೇಕು. ನನಗೆ ಆ ಗಂಟೆಯೇ ಪ್ರೀತಿ.

ನಿಜವಾದ ಎಂಜಿನ್ನಿನ ನಕ್ಷೆಯನ್ನೇ ಚಿಕ್ಕದು ಮಾಡಿ ಕಟ್ಟಿದರೆ ಓಡುವುದಿಲ್ಲವೇ?

ನೋಡಲು ಚೆನ್ನಾಗಿರುತ್ತದೆ, ಆದರೆ ಸರಿಯಾಗಿ ಓಡುವುದಿಲ್ಲ. ಕಾರಣ ತಿಳಿದರೆ ಮಾದರಿ ಎಂಜಿನ್ ಏಕೆ ಹೀಗಿದೆ ಅನ್ನುವುದು ಪೂರ್ತಿ ತಿಳಿದ ಹಾಗೆ. ಅದಕ್ಕೆ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಬಾಯ್ಲರನ್ನು ಹತ್ತರಲ್ಲಿ ಒಂದರಷ್ಟಕ್ಕೆ ಇಳಿಸಿದಿರಿ ಅನ್ನಿ. ಉದ್ದ ಹತ್ತನೇ ಒಂದು. ಹೊರಮೈ ನೂರನೇ ಒಂದು. ಒಳಗೆ ಹಿಡಿಯುವ ನೀರು ಸಾವಿರದಲ್ಲಿ ಒಂದು ಪಾಲು. ಬಿಸಿ ಸೋರಿಹೋಗುವುದು ಹೊರಮೈಯಿಂದ. ಅಂದರೆ ಒಂದೊಂದು ಲೋಟ ನೀರಿನ ಪಾಲಿಗೆ ಬರುವ ತಣ್ಣಗಾಗುವ ಮೈ ಹತ್ತು ಪಟ್ಟು ಜಾಸ್ತಿಯಾಯಿತು. ಸಿಲಿಂಡರಿನಲ್ಲೂ ಇದೇ ಕಥೆ. ಒಳಗೆ ಬಂದ ಉಗಿಯಲ್ಲಿ ದೊಡ್ಡ ಪಾಲು ತಣ್ಣನೆಯ ಗೋಡೆಗೆ ತಾಗಿ ನೀರಾಗಿಬಿಡುತ್ತದೆ, ಪಿಸ್ಟನ್ನನ್ನು ತಳ್ಳುವುದೇ ಇಲ್ಲ. ಬಾಯ್ಲರಿಗೂ ಸಿಲಿಂಡರಿಗೂ ಬಿಸಿ ತಡೆಯುವ ಹೊದಿಕೆ ಹಾಕುವುದು, ಉಗಿ ಹೋಗುವ ಪೈಪನ್ನು ಬೆಂಕಿಯ ಮೂಲಕವೇ ಹಾಯಿಸಿ ಇನ್ನಷ್ಟು ಕಾಯಿಸುವುದು ಎಲ್ಲ ಇದಕ್ಕಾಗಿ.

ಬೆಂಕಿಯೂ ನಕ್ಷೆಯ ಮಾತು ಕೇಳುವುದಿಲ್ಲ. ಕಲ್ಲಿದ್ದಲಿನ ಬೆಂಕಿ ನಿಲ್ಲಬೇಕಾದರೆ ಒಂದು ಮಟ್ಟಿನ ದಪ್ಪ ಬೇಕು. ತೆಳುವಾದರೆ ಆರಿಹೋಗುತ್ತದೆ. ಬೆಂಕಿಯ ಹೊಗೆ ಹಾಯುವ ಕೊಳವೆಗಳೂ ಹಾಗೇ. ದೊಡ್ಡ ಎಂಜಿನ್ನಿನಲ್ಲಿ ಅವು ನೂರಕ್ಕೂ ಮೇಲೆ ಇರುತ್ತವೆ. ಎಲ್ಲವನ್ನೂ ಅದೇ ಲೆಕ್ಕದಲ್ಲಿ ಇಳಿಸಿದರೆ ಮಸಿ ಕಟ್ಟಿಕೊಂಡು ಗಾಳಿ ಆಡುವುದಿಲ್ಲ. ಹಾಗಾಗಿ ಮಾದರಿಯಲ್ಲಿ ಕೊಳವೆ ಕಡಿಮೆ, ಆದರೆ ದಪ್ಪ.

ಇದರ ಮೇಲೆ ಇಂಗ್ಲೆಂಡಿನಲ್ಲಿ 1920ರ ದಶಕದ ಶುರುವಿನಲ್ಲಿ ದೊಡ್ಡ ವಾದವೇ ನಡೆಯಿತು. ಅದಕ್ಕೆ ಬಾಯ್ಲರುಗಳ ಯುದ್ಧ ಅಂತಲೇ ಹೆಸರು. ಎಲ್‌ಬಿಎಸ್‌ಸಿ ಅನ್ನುವ ಹೆಸರಲ್ಲಿ ಬರೆಯುತ್ತಿದ್ದವರು ಎರಡೂವರೆ ಇಂಚು ಗೇಜಿನ ಸಣ್ಣ ಎಂಜಿನ್ನಿನಲ್ಲೂ ಕಲ್ಲಿದ್ದಲು ಉರಿಸಿ ದೊಡ್ಡ ಮನುಷ್ಯನನ್ನು ಎಳೆಯಬಹುದು ಅಂದರು, ಎಳೆದು ತೋರಿಸಿಯೂ ಬಿಟ್ಟರು. ಅಲ್ಲಿಯವರೆಗೆ ಆ ಗಾತ್ರದವು ಹೆಚ್ಚಾಗಿ ಸ್ಪಿರಿಟ್ ದೀಪದ ಮೇಲೆ ಓಡುವ ಆಟಿಕೆಯಂಥವು. ಹೊಸಬರಿಗಾಗಿ ಅವರು ಕೊಟ್ಟ ಟಿಚ್ ಅನ್ನುವ ಮೂರೂವರೆ ಇಂಚು ಗೇಜಿನ ನಾಲ್ಕು ಚಕ್ರದ ಎಂಜಿನ್ನನ್ನು ಜನ ಇವತ್ತಿಗೂ ಕಟ್ಟುತ್ತಿದ್ದಾರೆ.

ಮೊದಲ ಉಗಿ ಎಂಜಿನ್ ಕೊಳ್ಳಲಾ, ನಾನೇ ಕಟ್ಟಲಾ?

ಕೊಳ್ಳಿ. ಅಥವಾ ಬಾಯ್ಲರ್ ಸಿದ್ಧವಾಗಿ, ಪರೀಕ್ಷೆಯ ಸರ್ಟಿಫಿಕೇಟ್ ಸಮೇತ ಬರುವ ಕಿಟ್ ತಂದು ಉಳಿದದ್ದನ್ನು ಜೋಡಿಸಿ. ಸಿಲಿಂಡರೇ ಅತ್ತಿತ್ತ ತೂಗಾಡುತ್ತಾ ಉಗಿ ಒಳಗೆ ಹೊರಗೆ ಬಿಡುವ ಸರಳ ಎಂಜಿನ್ನುಗಳಿವೆ. ಮಾಮಾಡ್ ಕಂಪನಿಯದ್ದು ಅದಕ್ಕೆ ಹೆಸರುವಾಸಿ. ಅಗ್ಗ, ಬಿಚ್ಚಿ ನೋಡಲು ಸುಲಭ, ಆದರೆ ವೇಗ ಹಿಡಿತಕ್ಕೆ ಬರುವುದು ಕಷ್ಟ. ಇಂಗ್ಲೆಂಡಿನ ಡಾಂಕಾಸ್ಟರಿನ ರೌಂಡ್‌ಹೌಸ್, ಅಥವಾ ಅಕ್ಯುಕ್ರಾಫ್ಟ್‌ನಂಥವರ ಎಂಜಿನ್ನಿನಲ್ಲಿ ಸ್ಲೈಡ್ ವಾಲ್ವ್ (ಹಿಂದೆ ಮುಂದೆ ಜಾರುತ್ತಾ ಸಿಲಿಂಡರಿಗೆ ಉಗಿ ಬಿಡುವ ಬಾಗಿಲು) ಇರುತ್ತದೆ, ಮೆಲ್ಲಗೆ ನಡೆಯುತ್ತದೆ. ಬೆಲೆ ಮಾತ್ರ ತುಂಬಾ ಜಾಸ್ತಿ. ಹಣ ಹಾಕುವ ಮೊದಲು ಇಂಥದ್ದು ಇಟ್ಟುಕೊಂಡಿರುವ ಯಾರ ಮನೆಗಾದರೂ ಹೋಗಿ, ಒಂದು ಬೆಳಗ್ಗೆ ನೋಡಿ ಬನ್ನಿ.

ಮೊದಲ ಸಲ ಉಗಿ ಎಬ್ಬಿಸುವುದು ಹೇಗೆ?

ಗ್ಯಾಸಿನ ಸಣ್ಣ ಎಂಜಿನ್ನಿನ ಕ್ರಮ ಹೇಳುತ್ತೇನೆ. ನಿಮ್ಮ ಎಂಜಿನ್ನಿನ ಜೊತೆ ಬಂದ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದೇ ಸರಿ.

ಮೊದಲು ಎಣ್ಣೆ. ಚಕ್ರದ ಅಚ್ಚು, ರಾಡಿನ ಕೀಲು, ಒಂದೊಂದಕ್ಕೂ ಒಂದೊಂದು ಹನಿ. ಆಮೇಲೆ ಲೂಬ್ರಿಕೇಟರಿಗೆ, ಅಂದರೆ ಸಿಲಿಂಡರಿಗೆ ಎಣ್ಣೆ ಕಳಿಸುವ ಪುಟ್ಟ ಡಬ್ಬಿಗೆ, ಸ್ಟೀಮ್ ಆಯಿಲ್ ತುಂಬಿ. ಆಮೇಲೆ ಬಾಯ್ಲರಿಗೆ ನೀರು. ಪೂರ್ತಿ ತುಂಬಿ, ನಂತರ ಹೇಳಿದಷ್ಟನ್ನು ಸಿರಿಂಜಿನಲ್ಲಿ ಹೊರಗೆ ತೆಗೆಯಿರಿ; ಉಗಿಗೆ ಜಾಗ ಬೇಕಲ್ವಾ. ಕೊನೆಗೆ ಗ್ಯಾಸ್. ಹತ್ತಿರದಲ್ಲಿ ಎಲ್ಲೂ ಬೆಂಕಿ ಇರಬಾರದು. ಟ್ಯಾಂಕ್ ತುಂಬಿದಾಗ ವಾಲ್ವಿನ ಸುತ್ತ ದ್ರವ ಚಿಮ್ಮುತ್ತದೆ, ಅಲ್ಲಿಗೆ ನಿಲ್ಲಿಸಿ. ಆ ಗ್ಯಾಸ್ ಚದುರುವವರೆಗೆ ಸ್ವಲ್ಪ ಹೊತ್ತು ಬೆಂಕಿಯನ್ನು ದೂರ ಇಡಿ.

ಈಗ ಚಿಮಣಿಯ ಬಾಯಿಗೆ ಲೈಟರ್ ಹಿಡಿದು ಗ್ಯಾಸನ್ನು ಕೂದಲೆಳೆಯಷ್ಟು ತೆರೆಯಿರಿ. 'ಪಪ್' ಅಂತ ಬೆಂಕಿ ಹಿಂದಕ್ಕೆ ಬರ್ನರಿಗೆ ಹಾರುತ್ತದೆ. ಒಳಗಿನಿಂದ ಮೆಲ್ಲಗೆ ಗುಂಯ್ ಅನ್ನುವ ಸದ್ದು ಬರಬೇಕು. ಕಿರುಚಿದರೆ ಗ್ಯಾಸ್ ಜಾಸ್ತಿ, ಇಳಿಸಿ. ಐದರಿಂದ ಹತ್ತು ನಿಮಿಷದಲ್ಲಿ ಒತ್ತಡ ತೋರಿಸುವ ಮೀಟರಿನ ಮುಳ್ಳು ಏಳುತ್ತದೆ. ಇಂಥ ಎಂಜಿನ್ನುಗಳು ಸಾಮಾನ್ಯವಾಗಿ 40 ಪಿಎಸ್‌ಐ (ಚದರ ಇಂಚಿಗೆ 40 ಪೌಂಡ್) ಒತ್ತಡದ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಅಲ್ಲಿಗೆ ಬಂದಾಗ ಸೇಫ್ಟಿ ವಾಲ್ವ್ ತಾನಾಗಿ ಉಗಿ ಬಿಡಬೇಕು. ಬಿಡದೆ ಮುಳ್ಳು ಮೇಲೇರುತ್ತಲೇ ಇದ್ದರೆ ಗ್ಯಾಸ್ ಆರಿಸಿ, ಆ ದಿನ ಓಡಿಸಬೇಡಿ.

ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್ ತೆರೆದ ಕೂಡಲೇ ಎಂಜಿನ್ ಓಡುವುದಿಲ್ಲ. ಸಿಲಿಂಡರ್ ತಣ್ಣಗಿದೆ, ಒಳಗೆ ಹೋದ ಉಗಿ ನೀರಾಗಿ ತುಂಬಿಕೊಳ್ಳುತ್ತದೆ. ಆ ನೀರು ಪಿಸ್ಟನ್ನನ್ನು ಬಿಗಿಯಾಗಿ ಹಿಡಿದುಬಿಡುತ್ತದೆ, ಬಲವಂತ ಮಾಡಿದರೆ ರಾಡ್ ಬಾಗುತ್ತದೆ. ಕೈಯಲ್ಲಿ ಎಂಜಿನ್ನನ್ನು ಮೆಲ್ಲಗೆ ಹಿಂದೆ ಮುಂದೆ ಸರಿಸಿ. ಚಿಮಣಿಯಿಂದ ಬಿಸಿನೀರು, ಎಣ್ಣೆ ಸಿಡಿಯುತ್ತದೆ, ಮುಖ ದೂರ ಇರಲಿ. ನಾಲ್ಕಾರು ಸಲ ಸರಿಸಿದ ಮೇಲೆ ಸಿಲಿಂಡರ್ ಬಿಸಿಯಾಗಿ, ಎಂಜಿನ್ ನಿಮ್ಮ ಕೈಯಿಂದ ತಾನೇ ಬಿಡಿಸಿಕೊಂಡು ಹೊರಡುತ್ತದೆ. ಒಂದು ತುಂಬಿಗೆ ಇಪ್ಪತ್ತು ಮೂವತ್ತು ನಿಮಿಷ ಓಡೀತು. ನೀರಿಗಿಂತ ಮೊದಲು ಗ್ಯಾಸ್ ಮುಗಿಯುವಂತೆ ನೋಡಿಕೊಳ್ಳುವುದೇ ಜಾಣತನ.

ಸ್ಟೀಮ್ ಆಯಿಲ್ ಅಂದರೆ ಏನು? ಗಾಡಿಯ ಎಂಜಿನ್ ಆಯಿಲ್ ಹಾಕಬಹುದಾ?

ಹಾಕಬೇಡಿ. ಉಗಿಯ ಜೊತೆ ಬೆರೆತು, ಬಿಸಿಯಲ್ಲೂ ಲೋಹಕ್ಕೆ ಅಂಟಿಕೊಂಡಿರುವಂತೆ ಮಾಡಿದ ಗಟ್ಟಿ ಎಣ್ಣೆ ಸ್ಟೀಮ್ ಆಯಿಲ್.

ಅದು ಸಿಲಿಂಡರಿಗೆ ಹೋಗುವ ಉಪಾಯ ಬಹಳ ಚಂದ. ಲೂಬ್ರಿಕೇಟರ್ ಅಂದರೆ ಉಗಿ ಪೈಪಿಗೆ ಸೇರಿದ ಒಂದು ಪುಟ್ಟ ಡಬ್ಬಿ. ಪೈಪಿನಲ್ಲಿ ಒಂದು ಸಣ್ಣ ತೂತು. ಅದರಿಂದ ಡಬ್ಬಿಯೊಳಗೆ ಬಂದ ಉಗಿ ತಣ್ಣಗಾಗಿ ನೀರಾಗುತ್ತದೆ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಇಳಿದಷ್ಟೂ ಎಣ್ಣೆ ಮೇಲೇರಿ ಅದೇ ತೂತಿನಿಂದ ಉಗಿಯೊಳಗೆ ಸೇರುತ್ತದೆ. ಪಂಪಿಲ್ಲ, ಸ್ಪ್ರಿಂಗಿಲ್ಲ. ಓಡಿಸಿ ಮುಗಿದ ಮೇಲೆ ಡಬ್ಬಿ ಬಿಚ್ಚಿ ನೋಡಿ: ಎಣ್ಣೆ ಇದ್ದ ಜಾಗದಲ್ಲಿ ನೀರಿದ್ದರೆ ಸಿಲಿಂಡರಿಗೆ ಎಣ್ಣೆ ಹೋಗಿದೆ ಅಂತ ಅರ್ಥ.

ಬಾಯ್ಲರಿಗೆ ಯಾವ ನೀರು?

ಬೋರ್‌ವೆಲ್ ನೀರು ಖಂಡಿತ ಬೇಡ. ಬೆಂಗಳೂರು, ಕೋಲಾರದ ಕಡೆಯ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹೊಪ್ಪಳೆಯನ್ನು ನೀವೇ ನೋಡಿರುತ್ತೀರಿ. ಬಾಯ್ಲರಿನ ಒಳಗೆ ಅದು ಕಟ್ಟಿದರೆ ಕೆರೆದು ತೆಗೆಯಲು ಕೈ ಹೋಗುವುದಿಲ್ಲ. ಡಿಸ್ಟಿಲ್ಡ್ ವಾಟರ್ ಕೊಳ್ಳಿ, ಇಲ್ಲವೇ ಮಳೆ ನೀರು ಹಿಡಿದು ಬಟ್ಟೆಯಲ್ಲಿ ಸೋಸಿಡಿ.

ಗ್ಯಾಸ್, ಸ್ಪಿರಿಟ್, ಕಲ್ಲಿದ್ದಲು: ಹೊಸಬರಿಗೆ ಯಾವುದು?

ಗ್ಯಾಸ್. ಬೇಕಾದಾಗ ಹೆಚ್ಚಿಸಬಹುದು, ಬೇಡವಾದಾಗ ಆರಿಸಬಹುದು. ಬ್ಯೂಟೇನಿಗೆ ಅಂತ ಮಾಡಿದ ಟ್ಯಾಂಕಿಗೆ ಪ್ರೊಪೇನ್ ತುಂಬಬೇಡಿ. ಪ್ರೊಪೇನಿನ ಒತ್ತಡ ತುಂಬಾ ಜಾಸ್ತಿ, ಅದರ ಮೇಲೆ ನಮ್ಮ ಬೇಸಿಗೆಯ ಬಿಸಿಲು ಬೇರೆ. ಸ್ಪಿರಿಟ್ಟಿನ ಉರಿ ಹಗಲಿನ ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಚೆಲ್ಲಿ ಹತ್ತಿಕೊಂಡರೂ ಗೊತ್ತಾಗುವುದಿಲ್ಲ, ಹಾಗಾಗಿ ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡೇ ಹಚ್ಚಬೇಕು. ಕಲ್ಲಿದ್ದಲು ಎಲ್ಲಕ್ಕಿಂತ ಸೊಗಸು. ಆದರೆ ಬೆಂಕಿ, ನೀರು, ಹಳಿ ಮೂರನ್ನೂ ಒಟ್ಟಿಗೆ ನೋಡಬೇಕು. ಉಳಿದವು ಕೈಗೆ ಹತ್ತಿದ ಮೇಲೆ ಅದಕ್ಕೆ ಹೋಗಿ.

ಬಾಯ್ಲರನ್ನು ನಾನೇ ಮಾಡಬಹುದಾ?

ಮಾಡಬಹುದು. ಆದರೆ ಮೊದಲ ಕೆಲಸವಾಗಿ ಬೇಡ, ಒಬ್ಬರೇ ಬೇಡ. ಪರೀಕ್ಷೆಯಾದ ನಕ್ಷೆ ಇಲ್ಲದೆ ಬೇಡವೇ ಬೇಡ.

ಬಾಯ್ಲರ್ ತಾಮ್ರದ್ದು. ಬೆಸುಗೆ ಬೆಳ್ಳಿಯದ್ದು. ಶೇಕಡ 55ರಷ್ಟು ಬೆಳ್ಳಿ ಇರುವ ಬೆಸುಗೆ ಸುಮಾರು 630ರಿಂದ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ರೇಡಿಯೋ ರಿಪೇರಿಗೆ ಬಳಸುವ ತವರ, ಸೀಸದ ಬೆಸುಗೆ 190ರ ಒಳಗೇ ಕರಗಿಬಿಡುತ್ತದೆ. ನೀರು ಕಡಿಮೆಯಾಗಿ ಬಾಯ್ಲರ್ ಸ್ವಲ್ಪ ಬಿಸಿಯೇರಿದರೆ ಸಾಕು, ಆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಇನ್ನೊಂದು ಎಚ್ಚರ: ಫ್ರಿಜ್, ಎಸಿ ರಿಪೇರಿಯವರ ಹತ್ತಿರ ತಾಮ್ರದ ಪೈಪ್ ಕೂಡಿಸುವ ಕಡ್ಡಿ ಸಿಗುತ್ತದೆ. ಅದರಲ್ಲಿ ಹೆಚ್ಚಾಗಿ ಇರುವುದು ತಾಮ್ರ ಮತ್ತು ರಂಜಕ. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕ ಆ ಬೆಸುಗೆಯನ್ನು ತಿನ್ನುತ್ತದೆ. ಅಗ್ಗ ಅಂತ ತರಬೇಡಿ.

ವಾಲ್ವ್, ಮೀಟರ್ ಕೂರುವ ಬುಷ್‌ಗಳು ಕಂಚಿನವೇ ಆಗಬೇಕು. ಹಿತ್ತಾಳೆಯಲ್ಲಿ ಸತು ಇದೆ. ಬಿಸಿನೀರಿನಲ್ಲಿ ವರ್ಷಗಳು ಕಳೆದ ಹಾಗೆ ಸತು ಬಿಟ್ಟುಹೋಗಿ, ಉಳಿದದ್ದು ತೂತು ತೂತಾಗಿ ಬಲ ಕಳೆದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮುಗಿದ ಮೇಲೆ ಪರೀಕ್ಷೆ. ಬಾಯ್ಲರಿನಲ್ಲಿ ಒಂದು ಗುಳ್ಳೆಯೂ ಇಲ್ಲದಂತೆ ತಣ್ಣೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಎರಡರಷ್ಟಕ್ಕೆ ಏರಿಸಿ. ನೀರು ಗಾಳಿಯ ಹಾಗೆ ಕುಗ್ಗಿ ಬಲ ತುಂಬಿಟ್ಟುಕೊಳ್ಳುವುದಿಲ್ಲ. ಎಲ್ಲಾದರೂ ಬಿರುಕು ಬಿಟ್ಟರೆ ಒಂದು ಹನಿ ಸೋರಿ ಮುಳ್ಳು ಬೀಳುತ್ತದೆ, ಅಷ್ಟೆ. ಕಂಪ್ರೆಸರಿನ ಗಾಳಿ ತುಂಬಿ ಪರೀಕ್ಷೆ ಮಾಡಿದರೆ ಅದೇ ಬಿರುಕು ಬಾಂಬ್ ಆಗುತ್ತದೆ. ದಯವಿಟ್ಟು ಯಾರೂ ಗಾಳಿ ತುಂಬಬೇಡಿ. ಸೇಫ್ಟಿ ವಾಲ್ವನ್ನು ತಿರುಚಿ ಬಿಗಿ ಮಾಡುವುದೂ ಬೇಡ. ಕುಕ್ಕರಿನ ವೆಯ್ಟ್ ಮೇಲೆ ಕಲ್ಲಿಟ್ಟ ಹಾಗೆ ಅದು.

ಇದಕ್ಕೆ ಲೈಸೆನ್ಸ್ ಬೇಕಾ?

ಭಾರತದ ಬಾಯ್ಲರ್ ಕಾನೂನಿನ ವ್ಯಾಖ್ಯೆಯೊಳಗೆ 25 ಲೀಟರಿಗಿಂತ ಕಡಿಮೆ ಹಿಡಿಯುವವು ಬರುವುದಿಲ್ಲ. ನಾವು ಮಾತಾಡುತ್ತಿರುವ ಸಣ್ಣ ಎಂಜಿನ್ನುಗಳಲ್ಲಿ ಒಂದು ಲೀಟರ್ ನೀರೂ ಇರುವುದಿಲ್ಲ. ಹಾಗಂದರೆ ನಿಮ್ಮ ಬಾಯ್ಲರನ್ನು ನೋಡಲು ಇನ್‌ಸ್ಪೆಕ್ಟರ್ ಬರುವುದಿಲ್ಲ ಅಂತ ಅರ್ಥ. ಬ್ರಿಟನ್ನಿನಲ್ಲಿ ಕ್ಲಬ್ಬುಗಳೇ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತವೆ. ಇಲ್ಲಿ ಆ ಜವಾಬ್ದಾರಿ ಪೂರ್ತಿ ನಿಮ್ಮದು. ಪರೀಕ್ಷೆಯ ತಾರೀಖು, ಒತ್ತಡ ಬರೆದಿಡಲು ಒಂದು ನೋಟ್‌ಬುಕ್ ಇಡಿ.

ಯಾವ ಯಂತ್ರಗಳು ಬೇಕು? ಸಾಮಾನು ಎಲ್ಲಿ ಸಿಗುತ್ತದೆ?

ಸಣ್ಣ ಲೇತ್, ನಿಲ್ಲಿಸುವ ಡ್ರಿಲ್, ವೈಸ್, ವರ್ನಿಯರ್, ಒಳ್ಳೆಯ ಅರಗಳು, ಟ್ಯಾಪ್ ಮತ್ತು ಡೈ ಸೆಟ್. ಬ್ರಿಟಿಷ್ ನಕ್ಷೆಗಳಲ್ಲಿ ಬಿಎ ಅನ್ನುವ ಹಳೆಯ ಥ್ರೆಡ್ ಬರೆದಿರುತ್ತಾರೆ. ಅದನ್ನು ಹುಡುಕುತ್ತಾ ಅಲೆಯಬೇಡಿ, ಮೆಟ್ರಿಕ್ ಥ್ರೆಡ್‌ಗಳಾದ ಎಂ2, ಎಂ2.5, ಎಂ3 ಹಾಕಿದರೆ ಎಲ್ಲ ಕೆಲಸ ಆಗುತ್ತದೆ.

ಬೆಂಗಳೂರಿನಲ್ಲಿ ಎಸ್‌ಪಿ ರಸ್ತೆಯಲ್ಲಿ ಒಂದು ದಿನ ಓಡಾಡಿದರೆ ಸ್ಕ್ರೂ, ಉಪಕರಣ, ವೈರು, ಮೋಟಾರ್ ಸಿಗುತ್ತವೆ. ಚಾಸಿಯ ಎರಡು ಪಕ್ಕದ ತಟ್ಟೆಗಳನ್ನು ಗರಗಸದಲ್ಲಿ ಕೊಯ್ಯುತ್ತಾ ಕೂರಬೇಕಿಲ್ಲ. ಕಂಪ್ಯೂಟರಿನಲ್ಲಿ ಬರೆದುಕೊಟ್ಟರೆ ಪೀಣ್ಯದ ಕಡೆ ಲೇಸರಿನಲ್ಲಿ ಕತ್ತರಿಸಿಕೊಡುತ್ತಾರೆ. ಚಕ್ರ ಎರಕ ಹಾಕಿಸಬೇಕಾದರೆ ಬೆಳಗಾವಿ ಫೌಂಡ್ರಿಗಳ ಊರು. ಎರಕದ ಕಬ್ಬಿಣ ಆರಿದಾಗ ಸುಮಾರು ಶೇಕಡ ಒಂದರಷ್ಟು ಕುಗ್ಗುತ್ತದೆ, ಹಾಗಾಗಿ ಮರದ ಅಚ್ಚನ್ನು ಅಷ್ಟು ದೊಡ್ಡದು ಮಾಡಿ, ಕಡೆಯುವುದಕ್ಕೆ ಒಂದೆರಡು ಮಿ.ಮೀ. ಬೇರೆ ಬಿಡಿ.

ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಲೇತ್ ಮುಂದೆ ಆಯಸ್ಸು ಕಳೆದ ಹಿರಿಯರು ಸಿಗುತ್ತಾರೆ. "ಸರ್, ಉಗಿ ಎಂಜಿನ್ ಮಾಡ್ತಿದೀನಿ" ಅಂತ ಸುಮ್ನೆ ಒಂದು ಮಾತು ಹೇಳಿ ನೋಡಿ. ಅವರ ಹತ್ತಿರ ಅರ್ಧ ದಿನ ಕಲಿತದ್ದು ತಿಂಗಳುಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಲೇತ್ ಇಲ್ಲ. ನಾನು ಏನೂ ಕಟ್ಟಲಾಗದಾ?

ಯಾಕಾಗಲ್ಲ? ಹಿತ್ತಾಳೆಯ ತೆಳು ಹಾಳೆಯಲ್ಲಿ ಆಸಿಡ್‌ನಿಂದ ಕೊರೆದ ಭಾಗಗಳ ಕಿಟ್ ಬರುತ್ತದೆ. ಕತ್ತರಿಸಿ, ಮಡಿಸಿ, ಬೆಸುಗೆ ಹಾಕಿದರೆ ಎಂಜಿನ್ನಿನ ಮೈ ಆಗುತ್ತದೆ. ಒಳಗೆ ಮೋಟಾರ್, ಗೇರ್. ಊಟದ ಮೇಜಿನ ಮೇಲೆಯೇ ಮಾಡಬಹುದು. ಮೊದಲು ಜಾಸ್ತಿ ಬಿಸಿ ಬೇಕಾದ ಬೆಸುಗೆ, ಆಮೇಲೆ ಕಡಿಮೆ ಬಿಸಿಯದ್ದು ಅನ್ನುವ ಕ್ರಮ ಇಟ್ಟುಕೊಳ್ಳಿ. ಇಲ್ಲದಿದ್ದರೆ ಹೊಸದನ್ನು ಕೂಡಿಸುವಾಗ ಹಳೆಯದು ಬಿಟ್ಟುಕೊಳ್ಳುತ್ತದೆ. ದಿನದ ಕೆಲಸ ಮುಗಿದ ಕೂಡಲೇ ಬೆಸುಗೆ ಹಿಡಿಯಲೆಂದು ಸವರಿದ ಫ್ಲಕ್ಸ್ ತೊಳೆಯಿರಿ, ಬಿಟ್ಟರೆ ಹಸಿರು ಹಿಡಿಯುತ್ತದೆ.

ರಾಡ್ ಹಾಕಿದ ಮೇಲೆ ಚಕ್ರ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಏಕೆ?

ಕಟ್ಟುವ ಎಲ್ಲರಿಗೂ ಬರುವ ತೊಂದರೆ ಇದು. ಚಕ್ರದಲ್ಲಿ ರಾಡ್ ಕೂರುವ ಮೊಳೆಗೆ ಕ್ರ್ಯಾಂಕ್ ಪಿನ್ ಅಂತಾರೆ. ಎಡಗಡೆ ಕ್ರ್ಯಾಂಕ್ ಪಿನ್ನಿಗೂ ಬಲಗಡೆ ಪಿನ್ನಿಗೂ 90 ಡಿಗ್ರಿ ವ್ಯತ್ಯಾಸ ಇರಬೇಕು. ಒಂದು ಪಕ್ಕದ ಪಿಸ್ಟನ್ ಕೊನೆ ಮುಟ್ಟಿ ಬಲವಿಲ್ಲದೆ ನಿಂತಾಗ ಇನ್ನೊಂದು ಪಕ್ಕದ್ದು ನಡುವಿನಲ್ಲಿದ್ದು ಎಳೆಯುತ್ತದೆ. ಹಾಗಾಗಿ ಉಗಿ ಎಂಜಿನ್ ಎಲ್ಲಿ ನಿಂತರೂ ಮತ್ತೆ ಹೊರಡುತ್ತದೆ.

ನಿಜ ಹೇಳಬೇಕೆಂದರೆ ಆ ಕೋನ 90ರ ಬದಲು 88 ಆದರೂ ಓಡುತ್ತದೆ. ಆದರೆ ಎಲ್ಲ ಅಚ್ಚಿನಲ್ಲೂ ಅದೇ 88 ಇರಬೇಕು. ಒಂದರಲ್ಲಿ 90, ಇನ್ನೊಂದರಲ್ಲಿ 88 ಆದರೆ ಸಿಕ್ಕಿಕೊಳ್ಳುತ್ತದೆ. ಎರಡನೆಯ ಕಾರಣ ರಾಡಿನ ತೂತುಗಳ ಅಂತರ. ಅದು ಅಚ್ಚುಗಳ ಅಂತರಕ್ಕೆ ಸರಿಸಮ ಇರಬೇಕು.

ಹುಡುಕುವ ಬಗೆ ಹೀಗೆ. ಮೋಟಾರ್ ಅಥವಾ ಪಿಸ್ಟನ್ ಜೋಡಿಸುವ ಮೊದಲೇ ನೋಡಿ. ಒಂದು ಪಕ್ಕದ ರಾಡ್ ಮಾತ್ರ ಹಾಕಿ ಗಾಜಿನ ಮೇಲೆ ಉರುಳಿಸಿ. ಸಲೀಸಾಗಿ ಉರುಳಿದರೆ ಆ ಪಕ್ಕ ತೆಗೆದು ಇನ್ನೊಂದು ಪಕ್ಕದ್ದು ಹಾಕಿ. ಅದೂ ಸರಿಯಿದ್ದು, ಎರಡನ್ನೂ ಹಾಕಿದಾಗ ಮಾತ್ರ ಸಿಕ್ಕಿಕೊಂಡರೆ ಕೋನ ತಪ್ಪಿದೆ. ಒಂದೇ ಪಕ್ಕದಲ್ಲೇ ಸಿಕ್ಕಿಕೊಂಡರೆ ರಾಡಿನ ತೂತು ತಪ್ಪಿದೆ. ತೂತನ್ನು ಅರದಿಂದ ಅಗಲ ಮಾಡಿ ಸರಿದೂಗಿಸುವ ಆಸೆ ಬರುತ್ತದೆ, ಬೇಡ. ಆಮೇಲೆ ಎಂಜಿನ್ ನಡೆಯುವಾಗ ಕುಲುಕುತ್ತದೆ.

3ಡಿ ಪ್ರಿಂಟ್ ಮಾಡಿದರೆ ಆಗದಾ?

ಕರೆಂಟಿನ ಎಂಜಿನ್ನಿಗೆ ಚೆನ್ನಾಗಿ ಆಗುತ್ತದೆ. ನಮ್ಮ ವೈಪಿ, ವೈಜಿಗಳಿಗೆ ಕಿಟ್ ಸಿಗದಿದ್ದಾಗ ಪ್ರಿಂಟ್ ಮಾಡಿದ ಮೈ, ರೆಡಿಮೇಡ್ ಚಾಸಿ ಕೂಡಿಸುವುದು ಒಳ್ಳೆಯ ದಾರಿ. ಉಗಿ ಎಂಜಿನ್ನಿನಲ್ಲಿ ಬಿಸಿ ತಾಗುವ ಕಡೆ ಪ್ಲಾಸ್ಟಿಕ್, ರೆಸಿನ್ ಹಾಕಬೇಡಿ.

ಹಳೆಯ ಮಾದರಿ ಕೊಳ್ಳುವಾಗ ಏನು ನೋಡಬೇಕು?

ಕೂಡಿಡುವವರು ಹೆಚ್ಚಾಗಿ ಹುಡುಕುವುದು ಹಾರ್ನ್‌ಬಿ, ಮಾರ್ಕ್ಲಿನ್, ಬ್ಯಾಸೆಟ್-ಲೋಕ್ ಹೆಸರುಗಳನ್ನು. ಬ್ಯಾಸೆಟ್-ಲೋಕ್ ಶುರುವಾದದ್ದು 1898-99ರ ಹೊತ್ತಿಗೆ, ಇಂಗ್ಲೆಂಡಿನ ನಾರ್ಥಾಂಪ್ಟನ್ನಿನಲ್ಲಿ. ಹಾರ್ನ್‌ಬಿ ರೈಲುಗಳು ಬಂದದ್ದು 1920ರಲ್ಲಿ, ಓಓ ಗಾತ್ರದ ಹಾರ್ನ್‌ಬಿ ಡಬ್ಲೋ 1938ರಲ್ಲಿ.

ಮೊದಲು ನೋಡಬೇಕಾದ್ದು ಸತುವಿನ ಎರಕದ ಭಾಗಗಳನ್ನು. ಎರಕ ಹಾಕುವಾಗ ಸತುವಿನ ಮಿಶ್ರಣದಲ್ಲಿ ಸೀಸ, ತವರ ಸ್ವಲ್ಪ ಬೆರೆತುಹೋಗಿದ್ದರೆ ವರ್ಷಗಳು ಕಳೆದ ಹಾಗೆ ಲೋಹ ಒಳಗಿನಿಂದ ಉಬ್ಬಿ ಬಿರುಕು ಬಿಡುತ್ತದೆ. ಚಾಸಿ ಬಾಳೆಹಣ್ಣಿನಂತೆ ಬಾಗುತ್ತದೆ, ಕೊನೆಗೆ ಮುಟ್ಟಿದರೆ ಪುಡಿಯಾಗುತ್ತದೆ. ಇದಕ್ಕೆ ಔಷಧಿ ಇಲ್ಲ. ಮಾರುವವರಿಂದ ಚಕ್ರ, ಚಾಸಿಯ ತಳದ ಫೋಟೋ ಕೇಳಿ ತರಿಸಿಕೊಳ್ಳಿ. ಕೂದಲೆಳೆಯ ಬಿರುಕು ಕಂಡರೂ ಬಿಟ್ಟುಬಿಡಿ.

ಆಮೇಲೆ ಬಣ್ಣ. ರಾಡಿನ ಕೀಲು, ಸ್ಕ್ರೂವಿನ ತಲೆಯ ಗೆರೆಯಲ್ಲೂ ಬಣ್ಣ ತುಂಬಿದ್ದರೆ ಯಾರೋ ಆಮೇಲೆ ಬಳಿದಿದ್ದಾರೆ. ಮೂಲದ ಪೆಟ್ಟಿಗೆ ಇದ್ದರೆ ಬೆಲೆ ಜಾಸ್ತಿ, ಆದರೆ ಪೆಟ್ಟಿಗೆಯಲ್ಲಿ ಬರೆದ ನಂಬರಿಗೂ ಒಳಗಿನ ಎಂಜಿನ್ನಿಗೂ ತಾಳೆ ನೋಡಿ.

ಹಳೆಯದರ ಬಣ್ಣ ಕಿತ್ತುಹೋಗಿದೆ. ಹೊಸದಾಗಿ ಬಳಿಯಲಾ?

ಬೇಡ. ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ, ತುಕ್ಕು ಹರಡದ ಹಾಗೆ ನೋಡಿಕೊಳ್ಳಿ. ಅದನ್ನು ಆಡಿದ ಮಗುವಿನ ಕೈಗುರುತು ಆ ಗೀರುಗಳಲ್ಲಿದೆ. ಮೂಲ ಬಣ್ಣ ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ.

ಮಂಗಳೂರಿನ ಕಡೆಯ ತೇವದಲ್ಲಿ ಹೇಗೆ ಇಡುವುದು?

ಮುಚ್ಚಿದ ಗಾಜಿನ ಕಪಾಟು, ಒಳಗೆ ಸಿಲಿಕಾ ಜೆಲ್ ಚೀಲ. ಮಳೆಗಾಲದಲ್ಲಿ ಆ ಚೀಲಗಳನ್ನು ಆಗಾಗ ಬಿಸಿ ಮಾಡಿ ಒಣಗಿಸಿ. ಹಳೆಯ ಪೆಟ್ಟಿಗೆಯೊಳಗಿನ ಸ್ಪಂಜನ್ನು ತೆಗೆದುಹಾಕಿ. ವರ್ಷಗಳಾದ ಮೇಲೆ ಅದು ಅಂಟು ಅಂಟಾಗಿ ಬಣ್ಣಕ್ಕೆ ಹಿಡಿದುಕೊಳ್ಳುತ್ತದೆ. ಉಗಿ ಎಂಜಿನ್ನಾದರೆ ಬಾಯ್ಲರ್ ಬೆಚ್ಚಗಿರುವಾಗಲೇ ನೀರು ತೆಗೆದು, ಉಕ್ಕಿನ ಭಾಗಗಳಿಗೆ ಎಣ್ಣೆ ಸವರಿ ಇಡಿ.

ಹೊರದೇಶದಿಂದ ತರಿಸುವಾಗ?

ಸಾಮಾನಿನ ಬೆಲೆ ಮಾತ್ರ ನೋಡಿ ಆಸೆಪಡಬೇಡಿ. ಸಾಗಣೆ, ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಗ್ಯಾಸ್ ಕ್ಯಾನ್, ಸ್ಪಿರಿಟ್ ವಿಮಾನದಲ್ಲಿ ಬರುವುದಿಲ್ಲ, ಅವನ್ನು ಇಲ್ಲೇ ಕೊಳ್ಳಬೇಕು. ಚಕ್ರ, ಮೀಟರ್, ಸೇಫ್ಟಿ ವಾಲ್ವ್‌ನಂಥ ಸಣ್ಣ ವಸ್ತುಗಳನ್ನು ನಾಲ್ಕು ಜನ ಸೇರಿ ಒಟ್ಟಿಗೆ ತರಿಸಿದರೆ ಉಳಿತಾಯ.

ಮಕ್ಕಳನ್ನು ಸೇರಿಸಿಕೊಳ್ಳಬಹುದಾ?

ಖಂಡಿತ. ಎಣ್ಣೆ ಬಿಡುವುದು, ನೀರು ತುಂಬುವುದು, ಬಾವುಟ ತೋರಿಸುವುದು ಅವರಿಗೇ ಬಿಡಿ. ಬೆಂಕಿ, ಗ್ಯಾಸ್ ದೊಡ್ಡವರ ಕೆಲಸ. ಬಿಸಿ ಎಂಜಿನ್ ಮುಟ್ಟಲು ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಎಲ್ಲರಿಗೂ ಇರಲಿ. ಸಿಲಿಂಡರ್ ಏನು ಮಾಡುತ್ತದೆ ಅಂತ ಕೇಳಿದ ಮಗುವಿಗೆ ಸೈಕಲ್ ಪಂಪ್ ಕೈಗೆ ಕೊಟ್ಟು, ಉಲ್ಟಾ ಯೋಚಿಸು ಅನ್ನಿ.

ಅಂಗಳ ಇಲ್ಲ, ಟೆರೇಸ್ ಮಾತ್ರ ಇದೆ. ಹಳಿ ಹಾಕಬಹುದಾ?

ಹಾಕಬಹುದು. 32 ಮಿ.ಮೀ. ಹಳಿಯ ಸಣ್ಣ ನ್ಯಾರೋ ಗೇಜ್ ಎಂಜಿನ್ನುಗಳು ಮುಕ್ಕಾಲು ಮೀಟರ್ ತ್ರಿಜ್ಯದ ತಿರುವಿನಲ್ಲೂ ತಿರುಗುತ್ತವೆ. ಅಂದರೆ ಎರಡು ಮೀಟರ್ ಅಗಲದ ಜಾಗದಲ್ಲಿ ಒಂದು ಸುತ್ತು ಬರುತ್ತದೆ. ಜಾಗ ಇದ್ದರೆ ಒಂದೂವರೆ ಮೀಟರ್ ತ್ರಿಜ್ಯ ಇಡಿ, ನೋಡಲೂ ಚೆನ್ನ, ಚಕ್ರಕ್ಕೂ ಸುಖ.

ಟೆರೇಸಿನ ನೆಲ ಮಳೆ ನೀರು ಹರಿಯಲೆಂದು ಇಳಿಜಾರಾಗಿಯೇ ಇರುತ್ತದೆ. ನೆಲದ ಮೇಲೆ ನೇರವಾಗಿ ಹಳಿ ಹಾಕಿದರೆ ಎಂಜಿನ್ ಒಂದು ಕಡೆ ಏದುಸಿರು ಬಿಡುತ್ತದೆ, ಇನ್ನೊಂದು ಕಡೆ ಹಿಡಿತ ತಪ್ಪಿ ಓಡಿ ತಿರುವಿನಲ್ಲಿ ಮಗುಚುತ್ತದೆ. ಹಲಗೆಗಳ ಮೇಲೆ ಹಳಿ ಕೂರಿಸಿ, ಕೆಳಗೆ ಬೋಲ್ಟಿನ ಕಾಲು ಕೊಟ್ಟು, ಮಟ್ಟಗೋಲು ಇಟ್ಟು ಸಮ ಮಾಡಿ. ಹಲಗೆ ಬಿಡಿಬಿಡಿಯಾಗಿದ್ದರೆ ಮಳೆಗಾಲದಲ್ಲಿ ಒಳಗೆ ಎತ್ತಿಡಬಹುದು.

ಬಿಸಿಲಿಗೆ ಹಳಿ ಹಿಗ್ಗುತ್ತದೆ. 10 ಮೀಟರ್ ಹಿತ್ತಾಳೆ ಹಳಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸ ಆದರೆ ಐದೂವರೆ ಮಿ.ಮೀ.ಗೂ ಮೇಲೆ ಉದ್ದವಾಗುತ್ತದೆ. ಪ್ರತಿ ಜೋಡಣೆಯಲ್ಲಿ ಒಂದು ದಪ್ಪ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಬಿಡಿ. ಅದನ್ನು ತಂಪು ಹೊತ್ತಿನಲ್ಲಿ, ಬೆಳಗ್ಗೆ ಹಾಕುವಾಗಲೇ ಬಿಡಬೇಕು. ಮಧ್ಯಾಹ್ನ ಕಾದ ಹಳಿಗೆ ಅಷ್ಟೇ ಸಂದು ಬಿಟ್ಟರೆ ರಾತ್ರಿ ಅದು ಇನ್ನೂ ಅಗಲವಾಗಿ, ಸಣ್ಣ ಚಕ್ರಗಳು ಎಗರುತ್ತವೆ.